ಅಣ್ಣ ಬಿಡಿಸಿದ ಗೋಡೆ

ಗುರುವಾರ, ನವೆಂಬರ್ ೧೪

ನನ್ನ ಫೋಟೋ ಪುಸ್ತಕದಿಂದ ಅಣ್ಣ ಬಿಡಿಸಿದ ಚಿತ್ರವೇ ಬಿದ್ದುಹೋಯಿತು. ಪ್ರಕಾಶಕರ ವಕೀಲರು ಕರೆಸಿ ಹೇಳಿದರು: "ಕಟ್ಟಡದ ಫೋಟೋ ಹಾಕಿ, ಸರ್ಕಲ್‌ನಲ್ಲಿರೋ ಪ್ರತಿಮೆದೂ ಹಾಕಿ, ಯಾರೂ ಕೇಳಲ್ಲ. ಆದ್ರೆ ಗೋಡೆ ಮೇಲೆ ಬಿಡಿಸಿದ ಚಿತ್ರಕ್ಕೆ ನಮ್ಮ ಕಾನೂನಲ್ಲಿ ಆ ವಿನಾಯಿತಿ ಇಲ್ಲಮ್ಮ. ಕಲಾವಿದರ ವಾರಸುದಾರರು ಒಪ್ಪಬೇಕು."

ವಾರಸುದಾರಳು ಅತ್ತಿಗೆ. ಅಣ್ಣ ಹೋದ ಮೇಲೆ ನಾವಿಬ್ಬರೂ ಮಾತಾಡಿರಲಿಲ್ಲ. ಆದರೂ ಫೋನ್ ಮಾಡಿದೆ. ಬಸ್ ನಿಲ್ದಾಣದ ಆ ಗೋಡೆಯನ್ನು ನಾಳೆ ಕೆಡವುತ್ತಾರೆ, ಫೋಟೋದಲ್ಲಾದರೂ ಉಳಿಯಲಿ ಎಂದು ಬೇಡಿಕೊಂಡೆ.

"ಬದುಕಿದ್ದಷ್ಟು ದಿನ ಅವರು ಊರಿನವರಾಗೇ ಇದ್ರು, ಮನೆಗೆ ಸಿಕ್ಕಿದ್ದೇ ಕಮ್ಮಿ. ಈಗ ಈ ಚಿತ್ರ ಒಂದು ನಂದು ಅಂತಿದೆ ಕಾನೂನು. ಅದನ್ನೂ ಊರಿಗೆ ಹಂಚಬೇಕಾ? ಗೋಡೆ ಜೊತೆಗೇ ಹೋಗ್ಲಿ ಬಿಡು," ಎಂದು ಅತ್ತುಬಿಟ್ಟಳು.

ಸಂಜೆ ಹೋಗಿ ನೋಡಿದೆ. ಸುತ್ತ ತಗಡು ಹೊಡೆದಿದ್ದಾರೆ. ಸಂದಿಯಲ್ಲಿ ಅಮ್ಮನ ಅರ್ಧ ಮುಖ ಮಾತ್ರ ಕಂಡಿತು. ಚಿತ್ರದಲ್ಲಿ ಹೂ ಮಾರುವವಳಿಗೆ ಅಣ್ಣ ಅಮ್ಮನ ಮುಖವನ್ನೇ ಕೊಟ್ಟಿದ್ದ. ಕ್ಯಾಮೆರಾ ಹೆಗಲಲ್ಲೇ ಇತ್ತು, ಕೈ ಏಳಲಿಲ್ಲ.

ಅತ್ತಿಗೆಯ ಮೇಲೆ ಸಿಟ್ಟಾದರೂ ಬರಬಾರದೇ? ಅದೂ ಬರುತ್ತಿಲ್ಲ. ಅವಳಿಗಾದರೂ ಇನ್ನೇನು ಉಳಿದಿದೆ?