ಮೂರನೇ ಬೀಮಿನ ರಿಂಗುಗಳು

ಬನವಾಸಿ
೧೧ ಫೆಬ್ರವರಿ ೨೦೨೫

ಪ್ರೀತಿಯ ಅಪ್ಪಾ,

ಹೇಗಿದ್ದೀ? ಬಿಪಿ ಗುಳಿಗೆ ತಪ್ಪದೆ ತಗೊಳ್ಳುತ್ತಿದ್ದೀಯಾ? ಗಿರಿಜತ್ತಿ ಮಾಡುವ ರೊಟ್ಟಿ ತಿಂದು ನೀನು ಮೈತುಂಬಿಕೊಂಡಿರಬೇಕು ಎಂದು ಅವ್ವ ಹೇಳುತ್ತಾಳೆ. ಹೇಳಿ ತಾನೇ ಮುಖ ಆಚೆ ತಿರುಗಿಸುತ್ತಾಳೆ. ನೀನು ಹಾನಗಲ್ಲಿಗೆ ಹೋಗಿ ಇಪ್ಪತ್ತು ದಿನವಾಯಿತು. ಫೋನ್ ಎತ್ತುವುದಿಲ್ಲ, ಅದಕ್ಕೇ ತಮ್ಮ ಗಿರೀಶನ ಕೈಯಲ್ಲಿ ಈ ಕಾಗದ ಕಳಿಸಿದ್ದೇನೆ. ಅವನೆದುರೇ ಓದು.

ನೀನು ಗೌಂಡಿಯಾಗಿ ನಿಂತು ಕಟ್ಟಿದ ಸೊಸೈಟಿ ಕಟ್ಟಡದ ಸುದ್ದಿಯನ್ನೇ ಹೇಳಬೇಕಿದೆ. ಅಂದಿನ ಸಭೆಯಲ್ಲಿ ಬೀಮಿನ ಬಿರುಕು ತೋರಿಸಿ ಒಬ್ಬರು "ದ್ಯಾಮಪ್ಪ ಗೌಂಡಿ ಸಿಮೆಂಟ್ ಉಳಿಸ್ಯಾನ" ಅಂದಾಗ ನೀನು ಒಂದು ಮಾತೂ ಆಡದೆ ಎದ್ದು ಹೋದೆ. ಸೊಸೈಟಿಯ ನಿರ್ದೇಶಕಿ ಅನ್ನಿಸಿಕೊಂಡು ಎದುರಿಗೇ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಕಟ್ಟಡ ಕೆಡವೋಣ ಎಂದರು ಕೆಲವರು. ಕಾರ್ಬನ್ ಫೈಬರ್ ಅಂತ ಒಂದು ಕಪ್ಪು ಬಟ್ಟೆ ಇದೆ, ಅದನ್ನು ಗಟ್ಟಿ ಅಂಟಿನಲ್ಲಿ ಬೀಮಿಗೆ ಸುತ್ತಿದರೆ ಬಲ ಬರುತ್ತದೆ ಎಂದು ಕೇಳಿದ್ದೆ. ಆ ಕೆಲಸದವರನ್ನು ಹುಡುಕುವ ಹೊಣೆ ನಾನೇ ಹೊತ್ತುಕೊಂಡೆ.

ಮೊದಲು ಬಂದವನು ಬೀಮನ್ನು ಮುಟ್ಟಲೂ ಇಲ್ಲ. ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆದು, ನಾಳೆಯೇ ಸುತ್ತಿಕೊಡುತ್ತೇನೆ ಎಂದ. ಅವನನ್ನು ಕಳಿಸಿಬಿಟ್ಟೆ. ಆಮೇಲೆ ಶಿರಸಿಯ ಇಂಜಿನಿಯರ್ ಪರಿಮಳಾ ಬಂದರು, ಮೂಲ ಸಿದ್ದಾಪುರದ ಹೇರೂರಿನವರು. ಮೊದಲು ತಪಾಸಣೆ, ಲೆಕ್ಕಾಚಾರ. ಕೆಲಸಗಾರರ ಮಾತು ಆಮೇಲೆ ಎಂದರು. ಎರಡು ದಿನ ಏಣಿಯ ಮೇಲೇ ಇದ್ದರು. ಸುತ್ತಿಗೆಯಿಂದ ಬಡಿದು ಸದ್ದು ಕೇಳಿದರು, ಒಂದು ಮಷಿನ್ ಹಿಡಿದು ಒಳಗಿನ ಕಬ್ಬಿಣ ಎಲ್ಲೆಲ್ಲಿದೆ ಎಂದು ಗುರುತು ಹಾಕಿದರು, ಕಾಂಕ್ರೀಟಿನ ತುಂಡು ಕೊರೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದಾಗ ಅವರೇ ಫೋನ್ ಮಾಡಿ, "ಸಿಮೆಂಟಿಗೆ ಎಂತ ತೊಂದರೆಯೂ ಇಲ್ಲ, ಕಾಂಕ್ರೀಟು ಗಟ್ಟಿ ಇದೆ" ಅಂದರು. ಮೇಲಿನ ಕೋಣೆ ಇದ್ದದ್ದು ಸಭೆಗೆ, ಸೊಸೈಟಿಯವರು ಅದರಲ್ಲಿ ಗೊಬ್ಬರದ ಚೀಲ ಒಟ್ಟಿದ್ದು ಮುಖ್ಯ ತಪ್ಪಂತೆ. ಆದರೆ ಮೂರನೇ ಬೀಮಿನಲ್ಲಿ ಮಾತ್ರ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳು ದೂರ ದೂರ ಬಿದ್ದಿವೆ ಎಂದರು. ಬಿರುಕು ಬಿಟ್ಟಿದ್ದೂ ಅದೇ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಆಗ ಅವಳು ಬಾಯಿಬಿಟ್ಟಳು. ಆ ಬೀಮಿಗೆ ಕಬ್ಬಿಣ ಕಟ್ಟಿದ ವಾರ ನನಗೆ ನಾಲ್ಕು ವರ್ಷ, ಜ್ವರ ನೆತ್ತಿಗೇರಿ ಶಿರಸಿ ಆಸ್ಪತ್ರೆಯಲ್ಲಿದ್ದೆನಂತೆ. ನೀನು ಏಳು ದಿನ ನನ್ನ ಹಾಸಿಗೆ ಬಿಟ್ಟು ಕದಲಲಿಲ್ಲವಂತೆ. ತಿರುಗಿ ಬರುವಷ್ಟರಲ್ಲಿ ಉಳಿದವರು ಕಾಂಕ್ರೀಟ್ ಹಾಕಿ ಮುಗಿಸಿದ್ದರಂತೆ. ನೀನಿಲ್ಲದಾಗ ಕಬ್ಬಿಣ ಕಟ್ಟಿದವರು ಯಾರು ಎಂದು ಅವ್ವ ಆಗ ಕೇಳಿದ್ದಕ್ಕೆ ನೀನು "ಕಟ್ಟಿದವ್ರು ಯಾರರ ಇರ್ಲಿ, ಕೆಲಸ ನಂದು" ಅಂದೆಯಂತೆ. ಇಷ್ಟು ವರ್ಷ ಆ ಮಾತು ನನ್ನ ಕಿವಿಗೆ ಬೀಳದಂತೆ ನೋಡಿಕೊಂಡಿರಲ್ಲ ಅಪ್ಪಾ, ಇಬ್ಬರೂ.

ನಿನ್ನೆ ಮತ್ತೆ ಸಭೆ ಇತ್ತು. ಪರಿಮಳಾ ವರದಿ ಓದಿದ ಮೇಲೆ ನಾನು ಎದ್ದು ನಿಂತೆ. "ಆ ವಾರ ನಮ್ಮಪ್ಪ ನನ್ನ ಉಳಿಸ್ಕೊಳ್ಳಾಕ ಹೋಗಿದ್ದ" ಎಂದು ಎಲ್ಲರ ಮುಂದೆ ಹೇಳಿದೆ. ಅಂದು ಮಾತಾಡಿದವರು ತಲೆ ಎತ್ತಲಿಲ್ಲ. ಕ್ಷಮೆ ಕೇಳಲಿಲ್ಲ, ಕೇಳಲಿ ಎಂದು ನಾನೂ ಕಾಯಲಿಲ್ಲ. ಕೆಡವುವ ಮಾತು ಅಲ್ಲಿಗೆ ನಿಂತಿತು. ಕೆಲಸವನ್ನು ಹುಬ್ಬಳ್ಳಿಯ ಉಲ್ಲಾಸ ಎಂಬವರ ತಂಡಕ್ಕೆ ವಹಿಸಿದ್ದೇವೆ. ಯಲ್ಲಾಪುರದ ಹತ್ತಿರ ಅವರು ಮಾಡಿದ ಕಟ್ಟಡವನ್ನು ನಾನೇ ಹೋಗಿ ನೋಡಿ, ಮಾಲೀಕರನ್ನು ವಿಚಾರಿಸಿ ಬಂದೆ. ಅಂಟಿಸಿದ ಬಟ್ಟೆಯನ್ನು ಅಲ್ಲಲ್ಲಿ ಎಳೆದು ಪರೀಕ್ಷಿಸಿ ತೋರಿಸಿದ ಮೇಲೆಯೇ ಪ್ಲಾಸ್ಟರ್ ಎಂದು ಬರೆಸಿಕೊಂಡಿದ್ದೇನೆ. ಚೀಲಗಳನ್ನೆಲ್ಲ ಆಗಲೇ ಇಳಿಸಿಯಾಯಿತು.

ಗಿರಿಜತ್ತಿಗೆ ನನ್ನ ನಮಸ್ಕಾರ ಹೇಳು. ಅವ್ವ ನಿನ್ನ ಸ್ವೆಟರ್ ಕಳಿಸಿದ್ದಾಳೆ.

ನಿನ್ನ ಮಗಳು,
ಗೀತಾ

ತಾ.ಕ.: ಬಟ್ಟೆ ಸುತ್ತುವ ಮೊದಲು ಬೀಮಿನ ಚೂಪು ಅಂಚುಗಳನ್ನು ದುಂಡಗೆ ತೀಡಬೇಕಂತೆ, ಇಲ್ಲದಿದ್ದರೆ ಅಲ್ಲಿ ಬಟ್ಟೆ ಹರಿಯುತ್ತದಂತೆ. ಅದಕ್ಕೆ ಕಟ್ಟಡದ ಒಳಹೊರಗು ಬಲ್ಲ ಗೌಂಡಿ ಒಬ್ಬರು ಊರಿನವರೇ ಬೇಕು ಎಂದು ಉಲ್ಲಾಸ ಕೇಳಿದರು. ನಿನ್ನನ್ನು ಕೇಳದೆಯೇ ಕೆಲಸಗಾರರ ಪಟ್ಟಿಯಲ್ಲಿ ಮೊದಲು ನಿನ್ನ ಹೆಸರು ಬರೆದುಬಿಟ್ಟಿದ್ದೇನೆ. ಸೋಮವಾರ ಶುರು. ಬೇಡ ಅನ್ನಿಸಿದರೆ ನೀನೇ ಬಂದು ಆ ಹೆಸರು ಹೊಡೆದು ಹಾಕು.