ದೇವರ ಮುಂದೆ ಕೂತ ಗಾರ್ಡ್

೮ ಅಕ್ಟೋಬರ್ ೨೦೦೬, ಭಾನುವಾರ
ಗ್ರೇಟರ್ ನೋಯ್ಡಾ

ಕಿವಿಯ ಪಕ್ಕ ಇನ್ನೂ ಗಾಳಿ ಬೀಸಿದಂತಿದೆ. ವಾಯುಪಡೆಯಲ್ಲಿ ಊರಿಗೆಲ್ಲ ಸುರಕ್ಷತೆ ಬೋಧಿಸಿ ನಿವೃತ್ತರಾದ ನನ್ನ ಗಂಡ ಈಗ ಗ್ಯಾರೇಜಿನಲ್ಲಿ ಬಡಗಿ. ಕಪಾಟಿನ ಹಲಗೆಗೆ ಕಚ್ಚು ಕೊರೆಯುವಾಗ ಟೇಬಲ್ ಗರಗಸದ ಬ್ಲೇಡ್ ಮುಚ್ಚುವ ಗಾರ್ಡ್ ಬಿಚ್ಚಬೇಕು, ಒಪ್ಪುತ್ತೇನೆ. ಕೊರೆದಾದ ಮೇಲೆ ಹಾಕಬೇಡವೇ? ಆಯುಧಪೂಜೆಗೆ ಆ ಗಾರ್ಡಿಗೆ ಕುಂಕುಮವಿಟ್ಟು ದೇವರ ಮುಂದೆ ಕೂರಿಸಿದವರು ವಾರವಾದರೂ ಎತ್ತಿಲ್ಲ.

ಇವತ್ತು ಹಲಗೆಯ ಅಂಚನ್ನು ಓರೆಯಾಗಿ ಕೊಯ್ಯಲು ಬ್ಲೇಡ್ ವಾಲಿಸಿದರು. ಅದೂ ಮರಕ್ಕೆ ಆಸರೆ ಕೊಡುವ ಪಟ್ಟಿಯ ಕಡೆಗೇ. ಕಾಫಿ ಹಿಡಿದು ಹಿಂದೆ ನಿಂತಿದ್ದ ನಾನು, "ರೀ, ಮರ ಬ್ಲೇಡಿಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತೆ" ಎಂದೆ.

"ಅಚ್ಛಾ, ಈಗ ನೀನು ನನಗೆ ಹೇಳಿಕೊಡ್ತೀಯಾ?"

ಮರುಕ್ಷಣವೇ ತುಂಡು ಚಿಮ್ಮಿ, ನನ್ನ ಕಿವಿ ಸವರಿಕೊಂಡು ಹೋಗಿ ಹಿಂದಿನ ಬಾಗಿಲಿಗೆ ನಾಟಿತು.

ಮಹಾಶಯರು ಬಾಗಿಲು ನೋಡಿದರು, ನನ್ನನ್ನು ನೋಡಿದರು. "ಪೂಜೆ ಮಾಡಿದ್ದಕ್ಕೇ ಬಚಾವಾದೆ ನೋಡು" ಎಂದರು.

ಬ್ಲೇಡ್ ಬಿಗಿಯುವ ನಟ್ಟನ್ನು ಸಂಜೆಯೇ ಬಿಚ್ಚಿ ತಂದು, ಕುಂಕುಮವಿಟ್ಟು, ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ನಾಳೆ ಬೇಕಾದಲ್ಲಿ ಹುಡುಕಿಕೊಳ್ಳಲಿ. ಈಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾರೆ, ಹತ್ತೂ ಬೆರಳುಗಳನ್ನು ಎದೆಯ ಮೇಲೆ ಹೆಣೆದುಕೊಂಡು. ಎರಡು ಸಲ ಎಣಿಸಿದೆ.