ಅತ್ತೆ ಒತ್ತಿದ ರಾಗಿತೆನೆ

ಅಕ್ಟೋಬರ್ 4, ಶನಿವಾರ

ಮತ್ತೆ ಶಾಯಿ ಜಾಸ್ತಿಯಾಯಿತು. ಅರಳಿ ಎಲೆಯ ನರಗಳೆಲ್ಲ ಮುಚ್ಚಿಹೋದವು. ಹಳೇ ಬನಿಯನ್ ಬಟ್ಟೆಯಲ್ಲಿ ಅಚ್ಚು ಒರೆಸಿ, ಮತ್ತೆ ಶುರು.

ದೀಪಾವಳಿಗೆ ಮೊದಲು ಕಾರ್ಡುಗಳು ಬೇಕಂತೆ. ಹೈವೇ ಪಕ್ಕದ ಬೊಂಬೆ ಅಂಗಡಿಯ ಸನಾವುಲ್ಲಾ ಕೇಳಿದ್ದು ‘ಆಟಮ್ ಕಾರ್ಡ್’. ಮೊಬೈಲಿನಲ್ಲಿ ಕೆಂಪು ಮೇಪಲ್ ಎಲೆ ತೋರಿಸಿದರು. ಚನ್ನಪಟ್ಟಣದಲ್ಲಿ ಮೇಪಲ್ ಎಲ್ಲಿಂದ ತರಲಿ? ನಮ್ಮ ಶರತ್ಕಾಲ ಅಂದರೆ ಕಬ್ಬಾಳು ರಸ್ತೆಯುದ್ದಕ್ಕೂ ಹಳದಿ ಹುಚ್ಚೆಳ್ಳು, ಬಾಗುತ್ತಿರುವ ರಾಗಿ. ಹಿಂದಿನ ಬೀದಿಯ ಬಾಬಾಜಾನ್ ಅದನ್ನೇ ಮರದ ಅಚ್ಚುಗಳಲ್ಲಿ ಕೆತ್ತಿಕೊಟ್ಟಿದ್ದಾರೆ — ತೆನೆ, ಹೂ, ಎಲೆ.

ಅತ್ತೆ ಕಿಟಕಿ ಹತ್ತಿರ ಕೂತು ನೋಡುತ್ತಿದ್ದರು. ಆಷಾಢದಲ್ಲಿ ಸ್ಟ್ರೋಕ್ ಆದಾಗ ಮರಳವಾಡಿಯಿಂದ ಕರೆತಂದೆವು. ಮಾತು ಸರಿಹೋಯಿತು. ಬಲಗೈ ಮಾತ್ರ ಮುಚ್ಚುವುದಿಲ್ಲ. ಡಾಕ್ಟರ್ ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದಾರೆ. ಮಕ್ಕಳಾಟವಂತೆ.

ಅಕ್ಟೋಬರ್ 8, ಬುಧವಾರ

ಒಗೆದ ಬಟ್ಟೆ ಹರವಿ ಒಳಗೆ ಬಂದರೆ ಅತ್ತೆ ನನ್ನ ಮೇಜಿನ ಮುಂದೆ! ಬಲಗೈಯಲ್ಲಿ ತೆನೆಯ ಅಚ್ಚು. ಬೆರಳು ಹಿಡಿದಿದ್ದವು… ನಿಜವಾಗಿಯೂ ಹಿಡಿದಿದ್ದವು.

ಒತ್ತಿದರು. ತೆನೆ ಸೊಟ್ಟ, ಅರ್ಧ ಮೂಡೇ ಇಲ್ಲ. ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಅತ್ತೆ, ಎಂದೆ.

“ನಾಳೆ ಇನ್ನೊಸಿ ಒತ್ತಿಕೊಡ್ತೀನಿ. ನೀನೊಬ್ಳೇ ಎಷ್ಟೂಂತ ಮಾಡೀಯ.”

ಅಕ್ಟೋಬರ್ 13, ಸೋಮವಾರ

ದಿನಾ ಬೆಳಿಗ್ಗೆ ತಿಂಡಿ ಆದ ಕೂಡಲೇ ಬಂದು ಕೂರುತ್ತಾರೆ. ಇವತ್ತು ಕಾಫಿ ಲೋಟ ಬಲಗೈಯಲ್ಲೇ ಎತ್ತಿದರು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ. ಕಣ್ಣಲ್ಲಿ ನೀರು.

ಆದರೆ ಅವರು ಒತ್ತಿದ ಕಾರ್ಡುಗಳು… ಒಂದೂ ಕೊಡುವ ಹಾಗಿಲ್ಲ. ಅವರು ಮಲಗಿದ ಮೇಲೆ ತೆಗೆದು ಕವರಿಗೆ ತುಂಬಿ, ಅಷ್ಟನ್ನೂ ಹೊಸದಾಗಿ ಒತ್ತುತ್ತೇನೆ. ಮಾಗಡಿ ಸ್ಕೂಲಿನಿಂದ ಬಂದ ನನ್ನ ಗಂಡ ನಟರಾಜು ಇದನ್ನು ನೋಡಿದರು. ಅವ್ವನಿಗೆ ನೇರವಾಗಿ ಹೇಳಿಬಿಡು, ಅವರೇನೂ ಮಗು ಅಲ್ಲ ಅಂದರು. ಇವರಿಗೇನು ಗೊತ್ತು. ಕೈ ಈಗ ತಾನೇ ಬರುತ್ತಿದೆ. ಮನಸ್ಸು ಯಾಕೆ ಮುರಿಯಲಿ?

ಅಕ್ಟೋಬರ್ 17, ಶುಕ್ರವಾರ

ಕಾರ್ಡು ಕೊಟ್ಟು ಬಂದೆ. ಎಲ್ಲ ನಾನು ಒತ್ತಿದವೇ.

ಅತ್ತೆ ಬಾಗಿಲಲ್ಲೇ ಕೇಳಿದರು, ನನ್ನವೂ ತಗೊಂಡ್ರಾ ಅಂತ. ನಿಮ್ಮ ತೆನೆಯನ್ನೇ ಅಂಗಡಿ ಮುಂದೆ ಜೋಡಿಸಿಟ್ಟರು ಎಂದೆ. ಬಾಯಿಗೆ ಹೇಗೆ ಬಂತೋ. ಸಂಜೆ ಪಕ್ಕದ ಮನೆ ಮುನ್ನೀಗೆ ಕಾಂಪೌಂಡಿನ ಮೇಲಿಂದ ಅದನ್ನೇ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡೆ.

ಅಕ್ಟೋಬರ್ 20, ನರಕ ಚತುರ್ದಶಿ

ಬರೆಯಲು ಕೈ ಬರುತ್ತಿಲ್ಲ.

ನಿನ್ನೆ ಹಂಡೆಗೆ ನೀರು ತುಂಬಿ, ಒಲೆಗೆ ಸೌದೆ ಒಟ್ಟುವಾಗ ಆ ಕವರನ್ನೂ ಒಳಗೆ ತಳ್ಳಿದ್ದೆ. ಬೆಳಿಗ್ಗೆ ಹೇಗೂ ನಾನೇ ತಾನೇ ಹಚ್ಚುವುದು.

ಎದ್ದು ಹೋದರೆ ಅತ್ತೆ ಬಚ್ಚಲಲ್ಲಿ. ಹಬ್ಬದ ದಿನ ನಾವು ಏಳುವಷ್ಟರಲ್ಲಿ ತಾವೇ ನೀರು ಕಾಯಿಸಬೇಕು ಅಂದುಕೊಂಡಿದ್ದರಂತೆ. ಬಲಗೈಯಲ್ಲಿ ಬೆಂಕಿಪೊಟ್ಟಣ. ಮಡಿಲ ತುಂಬ ಕಾರ್ಡು.

“ಇವು ನಾನೊತ್ತಿದ್ದು ಅಲ್ವೇನವ್ವ, ಪ್ರತಿಮಾ?”

ನಾನು ಬಗ್ಗಿ ನೆಲದ ಮೇಲಿದ್ದ ಖಾಲಿ ಕವರ್ ಎತ್ತಿಕೊಂಡೆ.

“ಸೊಟ್ಟಗೈತೆ ಅಂತ ಒಂದು ಮಾತು ಅಂದಿದ್ರೆ ಇನ್ನೊಂದು ಒತ್ತುತಿದ್ನಲ್ಲ.”

ಕೋಪವಿರಲಿಲ್ಲ. ಕೋಪ ಇದ್ದಿದ್ದರೆ ಕಾಲಿಗಾದರೂ ಬೀಳುತ್ತಿದ್ದೆ. ಒಂದೊಂದೇ ಕಾರ್ಡು ಒಲೆಗೆ ಇಟ್ಟು ಕಡ್ಡಿ ಗೀರಿದರು. ಹಬ್ಬದ ನೀರು ಕಾಯಬೇಕಲ್ಲ ಅಂದರು. ಆ ನೀರಿನಲ್ಲೇ ಎಲ್ಲರಿಗೂ ಎಣ್ಣೆಸ್ನಾನ ಆಯಿತು.

ನವೆಂಬರ್ 6, ಗುರುವಾರ

ಅತ್ತೆ ಮೇಜಿನ ಹತ್ತಿರ ಬರುವುದೇ ಇಲ್ಲ. ಲೋಟ ಮತ್ತೆ ಎಡಗೈಗೆ. ಬಲಗೈ ಸೆರಗಿನ ಒಳಗೆ. ನನ್ನ ಜೊತೆ ಮಾತೆಲ್ಲ ಎಂದಿನಂತೆಯೇ — ಊಟ, ಮಾತ್ರೆ, ಮುನ್ನೀ ಮನೆ ಬೆಕ್ಕು. ಅದೇ ತಡೆಯಲಾಗುವುದಿಲ್ಲ.

ತಪ್ಪಾಯಿತು ಎಂದೆ. “ಬುಡವ್ವ, ನನ್ ಸಂತೋಷಕ್ಕೆ ಅಂತ ತಾನೇ ಅಂದಿದ್ದು” ಎಂದು ಗೋಡೆ ಕಡೆ ತಿರುಗಿ ಮಲಗಿದರು.

ನವೆಂಬರ್ 16, ಭಾನುವಾರ

ರಾಗಿ ಕೊಯ್ಲು ಅಂತ ನೆಪ ಹೇಳಿ ಅತ್ತೆ ಮರಳವಾಡಿಗೆ ಹೊರಟರು. ಭಾವ ನರೇಂದ್ರ ಕಾರು ತಂದಿದ್ದರು. ತಡೆಯಲು ನನಗೆ ಯಾವ ಬಾಯಿ?

ಡಿಸೆಂಬರ್ 14, ಭಾನುವಾರ

ಮರಳವಾಡಿಗೆ ಹೋಗಿದ್ದೆವು. ತೆನೆಯ ಅಚ್ಚು, ಇಂಕ್ ಪ್ಯಾಡ್, ಬಿಳಿ ಕಾರ್ಡು ಬ್ಯಾಗಿನಲ್ಲಿಟ್ಟುಕೊಂಡು.

ಅತ್ತೆ ಜಗಲಿಯ ಬಿಸಿಲಲ್ಲಿ ಕೂತಿದ್ದರು. ಅಂಗಳದಲ್ಲಿ ರಾಗಿಹುಲ್ಲಿನ ಮೆದೆ. ನಾನು ಕೇಳುವ ಮೊದಲೇ ಬ್ಯಾಗ್ ನೋಡಿ, ಕೊಡು ಅಂದರು. ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಅಚ್ಚಿನ ಸುತ್ತ ಮಡಿಸಿಕೊಂಡರು. ನಿಲ್ಲಲಿಲ್ಲ. ಜಾರಿ ಉರುಳಿತು. ಮತ್ತೆ ಹಿಡಿದರು. ಕಾರ್ಡಿನ ಮೇಲೆ ಬರೀ ಒಂದು ಕಲೆ.

“ಹೆಂಗೈತೆ?”

ಮುಖ ನೋಡಿಯೇ ಹೇಳಿದೆ. “ಏನೂ ಮೂಡಿಲ್ಲ, ಅತ್ತೆ.”

ತಲೆಯಾಡಿಸಿದರು. ಕಾರ್ಡನ್ನು ನನ್ನ ಕಡೆ ಸರಿಸಿ, ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.

“ಆಗ ಬರ್ತಿತ್ತು ಕಣವ್ವ.”

ಬರುವಾಗ ಬೈಕಿನಲ್ಲಿ, ಅವ್ವ ಏನಂದರು ಎಂದು ನಟರಾಜು ಕೇಳಿದರು. ಏನಿಲ್ಲ ಎಂದುಬಿಟ್ಟೆ. ಕನಕಪುರ ದಾಟಿದ ಮೇಲೆ ಗಾಡಿ ನಿಲ್ಲಿಸಲು ಹೇಳಿ ಇಳಿದೆ. ಇಲ್ಲ ಕಣ್ರೀ, ಅವರು ಅಂದಿದ್ದು — ಆಗ ಬರ್ತಿತ್ತು, ಅಂತ.